ಗೋರ್ಟಾ ಸೀಮೆ: ಜಾತ್ರೆ ಎಲ್ಲರದು, ಹೊಲ ಯಾರದು?

ಗೋರ್ಟಾ (ಬಿ) ಬೀದರ್ ಜಿಲ್ಲೆಯ ಬಸವಕಲ್ಯಾಣ ಸೀಮೆಗೆ ಸೇರಿದ ಒಕ್ಕಲುತನದ ಹಳ್ಳಿ. ಹೆಸರಿನ ಕೊನೆಗಿರುವ ‘ಬಿ’ ನಿಜಾಮರ ಕಾಲದ ಕಂದಾಯ ದಫ್ತರದ ಗುರುತು. ಒಂದೇ ಹೆಸರಿನ ಎರಡು ಊರುಗಳಿದ್ದರೆ ದೊಡ್ಡದಕ್ಕೆ ಬುಜುರ್ಗ್, ಸಣ್ಣದಕ್ಕೆ ಖುರ್ದ್ ಎಂದು ಬರೆಯುತ್ತಿದ್ದ ರೂಢಿ ಈ ಭಾಗದ ಎಷ್ಟೋ ಊರುಗಳಿಗೆ ಇಂದಿಗೂ ಅಂಟಿಕೊಂಡಿದೆ. ಪಡುವಣಕ್ಕೆ ಹೋದರೆ ಮಹಾರಾಷ್ಟ್ರದ ಉಮರ್ಗಾ, ನಿಲಂಗಾ. ಮೂಡಣಕ್ಕೆ ಹುಮನಾಬಾದ್ ದಾಟಿದರೆ ತೆಲಂಗಾಣದ ಜಹೀರಾಬಾದ್. ಹೈದರಾಬಾದಿನಿಂದ ಪುಣೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ಹುಮನಾಬಾದಿನ ಮೇಲೆ ಹಾದು, ಬಸವಕಲ್ಯಾಣದ ಹತ್ತಿರದ ಸಸ್ತಾಪುರ ಬಂಗ್ಲಾವನ್ನು ಮುಟ್ಟಿ ಮುಂದೆ ಸಾಗುತ್ತದೆ. ರಾಜಧಾನಿ ಬೆಂಗಳೂರು ಇಲ್ಲಿಂದ 600 ಕಿಲೊಮೀಟರಿಗೂ ಆಚೆ. ಹೈದರಾಬಾದ್ 200 ಕಿಲೊಮೀಟರಿನ ಒಳಗೆ. ದೊಡ್ಡ ದವಾಖಾನೆ, ಮದುವೆಯ ಜವಳಿ, ಕೂಲಿ ಕೆಲಸ ಎಂದೊಡನೆ ಈ ಸೀಮೆಯ ಜನಕ್ಕೆ ಮೊದಲು ನೆನಪಾಗುವ ಊರುಗಳು ಹೈದರಾಬಾದ್, ಸೊಲ್ಲಾಪುರ.

ಈಗಿನ ಗಡಿಗಳಿಗೆ ವಯಸ್ಸು ಹೆಚ್ಚಾಗಿಲ್ಲ. 1956ರ ನವೆಂಬರ್ 1ರವರೆಗೆ ಇದರ ಬಹುಪಾಲು ಹೈದರಾಬಾದ್ ರಾಜ್ಯದ ಒಂದೇ ಬೀದರ್ ಜಿಲ್ಲೆ. ಭಾಷಾವಾರು ವಿಂಗಡಣೆಯಾದಾಗ ಉದಗೀರ, ನಿಲಂಗಾ, ಅಹ್ಮದಪುರಗಳು ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದ್, ನಾರಾಯಣಖೇಡಗಳು ಆಂಧ್ರಪ್ರದೇಶಕ್ಕೆ. ಬೀದರ್, ಭಾಲ್ಕಿ, ಹುಮನಾಬಾದ್, ಔರಾದ್ ಕಡೆಯ ಊರುಗಳು ಮೈಸೂರು ರಾಜ್ಯಕ್ಕೆ. ನವಾಬರ ಜಹಗೀರಾಗಿದ್ದ ಕಲ್ಯಾಣಿ ಬಸವಕಲ್ಯಾಣವಾಯಿತು. ಗೆರೆ ಎಳೆದವರ ಮುಂದಿದ್ದದ್ದು ಜನಗಣತಿಯ ಭಾಷಾ ಲೆಕ್ಕ. ಬೀಗತನದ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ. ಹೀಗಾಗಿ ಒಂದೇ ಮನೆಯಲ್ಲಿ ಅತ್ತೆಯ ತವರು ಒಂದು ರಾಜ್ಯ, ಸೊಸೆಯ ತವರು ಮತ್ತೊಂದು ರಾಜ್ಯ ಆಗಿರುವುದು ಇಲ್ಲಿ ವಿಶೇಷವೇನಲ್ಲ. ಬೆಳಗಾವಿಯ ಜೊತೆಗೆ ಬೀದರಿನ ಗಡಿ ಹಳ್ಳಿಗಳನ್ನೂ ಕೇಳಿ ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಆದರೆ ದಿನದ ಬದುಕಿನಲ್ಲಿ ಗಡಿ ಗೊತ್ತಾಗುವುದು ಬಸ್ ಟಿಕೆಟ್ಟಿನಂಥ ಸಣ್ಣ ಸಂಗತಿಗಳಲ್ಲಿ. ಕರ್ನಾಟಕದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಟಿಕೆಟ್ಟಿನ ಹಣ ಇಲ್ಲ. ಅದೇ ವರ್ಷದ ಮಾರ್ಚ್‌ನಿಂದ ಮಹಾರಾಷ್ಟ್ರದಲ್ಲಿ ಅರ್ಧ ದರ. ಡಿಸೆಂಬರ್‌ನಿಂದ ತೆಲಂಗಾಣದಲ್ಲೂ ಉಚಿತ, ಆದರೆ ಆ ರಾಜ್ಯದವರಿಗೆ ಮಾತ್ರ. ಮೂರು ರಾಜ್ಯಗಳಲ್ಲಿ ನೆಂಟರಿರುವ ಹೆಂಗಸು ಪರ್ಸಿನಲ್ಲಿ ಆಧಾರ್ ಕಾರ್ಡನ್ನೂ ತಲೆಯಲ್ಲಿ ಮೂರು ಲೆಕ್ಕವನ್ನೂ ಇಟ್ಟುಕೊಂಡು ಬಸ್ ಹತ್ತುತ್ತಾಳೆ.

ಮಾತಿನ ವಿಷಯಕ್ಕೆ ಬಂದರೆ, ಇಲ್ಲಿ ಒಂದೇ ನುಡಿಯಲ್ಲಿ ದಿನ ಕಳೆಯುವವರು ಕಡಿಮೆ. ಕನ್ನಡ, ಮರಾಠಿ, ದಖನಿ ಉರ್ದು, ತಾಂಡಾಗಳ ಲಂಬಾಣಿ, ಪೂರ್ವದ ಅಂಚಿಗೆ ತೆಲುಗು. ಬಸವಕಲ್ಯಾಣದ ಬಜಾರಿನ ಅಂಗಡಿಕಾರ ಒಬ್ಬರಿಗೆ ‘ಬರ್ರಿ ಅಣ್ಣೋರ’ ಎಂದು, ಪಕ್ಕದಲ್ಲಿ ನಿಂತ ಹಿರಿಯ ಹೆಂಗಸಿಗೆ ‘ಯಾ ಮಾವಶಿ’ ಎಂದು, ಮೂರನೆಯವರಿಗೆ ‘ಕ್ಯಾ ಹೋನಾ ಭಾಯ್’ ಎಂದು ಒಂದೇ ಉಸಿರಿನಲ್ಲಿ ಹೇಳಬಲ್ಲ. ಅದರಲ್ಲಿ ತನ್ನದೊಂದು ವಿಶೇಷ ಪ್ರತಿಭೆ ಇದೆಯೆಂದು ಅವನಿಗೆ ಅನ್ನಿಸಿಯೇ ಇರುವುದಿಲ್ಲ. ‘ಏನ್ ಮಾಡ್ಲತ್ತೀರಿ’ ಎಂದು ವಿಚಾರಿಸುವ ಬೀದರ್ ಕನ್ನಡದಲ್ಲಿ ಜಲ್ದಿ, ಬರೋಬರಿ, ದವಾಖಾನೆ, ಪಗಾರ ಮೊದಲಾದ ಮಾತುಗಳು ಎರವಲು ಎನ್ನಿಸದಷ್ಟು ಬೆರೆತಿವೆ. ಅಜ್ಜನಿಗೆ ಮುತ್ಯಾ, ಅಜ್ಜಿಗೆ ಆಯಿ, ಚಿಕ್ಕಪ್ಪನಿಗೆ ಕಾಕಾ ಎಂಬ ಕರೆಗಳಿಗೂ ಗಡಿಯ ಲೆಕ್ಕವಿಲ್ಲ.

ಬೆರಕೆ ಎಲ್ಲ ಕಾಲಕ್ಕೂ ಸುಖದ್ದೇ ಆಗಿತ್ತೆಂದಲ್ಲ. ನಿಜಾಮರ ಆಡಳಿತದಲ್ಲಿ ಕಚೇರಿಯ ಭಾಷೆಯೂ ಮೇಲಿನ ಹಂತದ ಕಲಿಕೆಯ ಭಾಷೆಯೂ ಉರ್ದು. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಆ ದಿನಗಳಲ್ಲಿ ಬಾಗಿಲಿಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ್ದು ಬೀದರಿನಲ್ಲಿ ಮನೆಮಾತು. ಬಸವಕಲ್ಯಾಣದಲ್ಲಿ ಮೊದಲ ಅನುಭವ ಮಂಟಪದ ಕಟ್ಟಡವನ್ನು ಎಬ್ಬಿಸಿದವರೂ ಅವರೇ. ಇವತ್ತಿನ ಕಷ್ಟ ಬೇರೆ ಬಗೆಯದು. ಜಿಲ್ಲೆಯಲ್ಲಿ ಕನ್ನಡ, ಮರಾಠಿ, ಉರ್ದು ಮಾಧ್ಯಮದ ಸರ್ಕಾರಿ ಶಾಲೆಗಳು ಅಕ್ಕಪಕ್ಕದಲ್ಲೇ ನಡೆಯುತ್ತವೆ. ಎಸ್ಸೆಸ್ಸೆಲ್ಸಿಯನ್ನು ಮರಾಠಿಯಲ್ಲೂ ಉರ್ದುವಿನಲ್ಲೂ ಬರೆಯಬಹುದು. ಆ ದಾರಿ ಪಿಯುಸಿಯ ಹೊಸ್ತಿಲಲ್ಲಿ ಏಕಾಏಕಿ ಸಣ್ಣದಾಗುತ್ತದೆ. ವಿಜ್ಞಾನ ಬೇಕೆಂದರೆ ಇಂಗ್ಲಿಷ್, ಸರ್ಕಾರಿ ನೌಕರಿ ಬೇಕೆಂದರೆ ಕನ್ನಡ. ಮನೆಯಲ್ಲಿ ಲಂಬಾಣಿ, ಓಣಿಯಲ್ಲಿ ದಖನಿ, ಶಾಲೆಯಲ್ಲಿ ಮರಾಠಿ ಕಲಿತ ಹುಡುಗಿಗೆ ಹದಿನಾರನೆಯ ವಯಸ್ಸಿನಲ್ಲಿ ಮತ್ತೆರಡು ಭಾಷೆಗಳ ಪರೀಕ್ಷೆ ಎದುರಾಗುತ್ತದೆ. ಮೂರು ಮಾತು ಬಲ್ಲವಳು ಅರ್ಜಿ ತುಂಬುವ ಹೊತ್ತಿಗೆ ಮೂಕಳಾಗುವುದು ಈ ಸೀಮೆಯ ಶಿಕ್ಷಣದ ದೊಡ್ಡ ವಿಪರ್ಯಾಸ.

ವರ್ಷದ ಓಟ ನಿರ್ಧಾರವಾಗುವುದು ಮಳೆಯಿಂದ. ಮುಂಗಾರಿಗೆ ಹೆಸರು, ಉದ್ದು, ತೊಗರಿ, ಸೋಯಾಬೀನ್. ಹಿಂಗಾರಿಗೆ ಬಿಳಿಜೋಳ, ಕಡಲೆ. ಬಾವಿ ಅಥವಾ ಬೋರಿನ ನೀರಿದ್ದವರಿಗೆ ಕಬ್ಬು. ಹಿಂದಿನ ತಲೆಮಾರಿನ ಹೊಲಗಳಲ್ಲಿ ಸೋಯಾ ಇರಲಿಲ್ಲ. ಈಗ ಮುಂಗಾರಿನ ಬಹುಪಾಲು ನೆಲವನ್ನು ಅದೇ ಹಿಡಿದಿದೆ. ಬೇಗ ಕೈಗೆ ಬರುತ್ತದೆ, ಮಂಡಿಯಲ್ಲಿ ರೊಕ್ಕ ಎಣಿಸಿಕೊಡುತ್ತದೆ. ಆದರೆ ಮನೆಯ ಒಲೆಗೆ ಏರುವ ಬೆಳೆ ಅದಲ್ಲ. ಒಲೆಯ ಮೇಲಿನದು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ತೊಗರಿಬ್ಯಾಳಿ.

ಒಲೆ, ಹೊಲ, ಗಡಿ ಮೂರೂ ಒಂದಾಗುವ ದಿನ ಎಳ್ಳಮಾವಾಸ್ಯೆ. ಮಾರ್ಗಶಿರದ ಕೊನೆಯಲ್ಲಿ, ಡಿಸೆಂಬರ್ ಅಥವಾ ಜನವರಿಯಲ್ಲಿ ಬರುವ ಈ ಅಮಾವಾಸ್ಯೆಯಂದು ಬೀದರಿನ ಪೇಟೆಗಳು ಬೆಳಗ್ಗೆಯೇ ಬಣಗುಡುತ್ತವೆ. ಇಡೀ ಊರು ಹೊಲದಲ್ಲಿರುತ್ತದೆ. ಜೋಳದ ದಂಟುಗಳನ್ನು ನಿಲ್ಲಿಸಿ ಕಟ್ಟಿದ ಕೊಂಪೆಯೊಳಗೆ ಐದು ಕಲ್ಲುಗಳಿಗೆ ಸುಣ್ಣ ಬಳಿದು ಪೂಜೆ ಮಾಡುತ್ತಾರೆ. ಎಡೆಗೆ ಭಜ್ಜಿ, ಅಂಬಲಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಹುಗ್ಗಿ. ಭಜ್ಜಿ ಎಂದರೆ ಕರಿದ ತಿಂಡಿ ಎಂದು ತಿಳಿದ ದಕ್ಷಿಣದವರಿಗೆ ಇಲ್ಲಿ ಅಚ್ಚರಿ ಕಾದಿರುತ್ತದೆ. ಹಸಿ ತೊಗರಿ, ಹಸಿ ಕಡಲೆ, ಅವರೆ, ವಟಾಣಿ, ಶೇಂಗಾ ಇವುಗಳನ್ನು ಹಿಂದಿನ ಸಂಜೆಯೇ ಕೂತು ಸುಲಿಯುತ್ತಾರೆ. ಬದನೆ, ಗಜ್ಜರಿ, ಮೆಂತೆ, ಹುಣಚಿಕ್ ಪಲ್ಯ, ಸಿಕ್ಕ ಸೊಪ್ಪೆಲ್ಲ ಸೇರುತ್ತದೆ. ಎಲ್ಲ ಬೆಂದ ಮೇಲೆ ಕಡಲೆಹಿಟ್ಟಿನಿಂದ ಗಟ್ಟಿ ಮಾಡುತ್ತಾರೆ. ಆ ವಾರ ಹೊಲದಲ್ಲಿ ಏನೇನಿದೆಯೋ ಅದರ ಪೂರ್ತಿ ಯಾದಿ ಒಂದು ಪಾತ್ರೆಯಲ್ಲಿ. ಮಜ್ಜಿಗೆಯಲ್ಲಿ ಹುಳಿಬರಿಸಿದ ಜೋಳದ ಅಂಬಲಿಯನ್ನು ಹೊಸ ಮಣ್ಣಿನ ಗಡಿಗೆಯಲ್ಲಿ ಹೊತ್ತು ತರುತ್ತಾರೆ. ಪೂಜೆ ಮುಗಿದ ಮೇಲೆ ಮನೆಯವರು ಬೆಳೆಯ ಸುತ್ತ ನಡೆಯುತ್ತ ಚರಗ ಚೆಲ್ಲುತ್ತಾರೆ. ಭೂಮಿಗೆ ಕೊಟ್ಟ ನಂತರವೇ ಜನ ಉಣ್ಣಲು ಕೂರುವುದು. ಹೊಲವಿಲ್ಲದ ಮನೆಯವರನ್ನು, ಪಟ್ಟಣದ ಗೆಳೆಯರನ್ನು, ಮುಸಲ್ಮಾನ ನೆರೆಯವರನ್ನು ಅಂದು ಕರೆದೇ ಕರೆಯಬೇಕು, ದಾರಿಹೋಕನನ್ನೂ ಬಿಡುವುದಿಲ್ಲ. ಗಡಿಯಾಚೆ ಲಾತೂರು, ಧಾರಾಶಿವ ಜಿಲ್ಲೆಗಳಲ್ಲಿ ಇದೇ ದಿನ, ಇದೇ ಕೊಂಪೆ, ಇದೇ ಭಜ್ಜಿ. ಹೆಸರು ಮಾತ್ರ ಯೆಳವಸ. ಮಹಾರಾಷ್ಟ್ರದ ಉಳಿದ ಭಾಗಕ್ಕೆ ಈ ಹಬ್ಬ ಹೇಗೆ ಅಪರಿಚಿತವೋ ಮೈಸೂರು ಸೀಮೆಗೂ ಹಾಗೆಯೇ. ಈ ನೆಲದ ನಿಜವಾದ ನಕಾಶೆ ಬೇಕೆಂದರೆ ಎಳ್ಳಮಾವಾಸ್ಯೆಯ ಭಜ್ಜಿ ಎಲ್ಲೆಲ್ಲಿ ಕುದಿಯುತ್ತದೆ ಎಂದು ಗುರುತು ಹಾಕಿದರಾಯಿತು.

ದೇವರ ಲೆಕ್ಕದಲ್ಲೂ ಇದೇ ಹಂಚಿಕೆ. ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆಗೆ ಜನವರಿಯಲ್ಲಿ ಮೂರೂ ರಾಜ್ಯದ ಭಕ್ತರು ಸೇರುತ್ತಾರೆ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣ ಕನ್ನಡಿಗರಿಗೆ ಮೈಲಾರ, ಮರಾಠಿಗರಿಗೆ ಖಂಡೋಬಾ. ಆಷಾಢದಲ್ಲಿ ತಾಳ ಹಿಡಿದು ಪಂಢರಪುರಕ್ಕೆ ನಡೆಯುವ ದಿಂಡಿಗಳು ಈ ಹಳ್ಳಿಗಳಿಂದಲೂ ಹೊರಡುತ್ತವೆ. ಬಸವಕಲ್ಯಾಣದ ರಾಜಾ ಬಾಗಸವಾರ ದರ್ಗಾದ ಉರುಸಿಗೆ ಹಿಂದೂ ಮನೆಗಳಿಂದಲೂ ಮಾಲದಿ, ಸಕ್ಕರೆ ಹೋಗುತ್ತವೆ. ಮೊಹರಂನಲ್ಲಿ ಅಲಾಯಿ ಕುಣಿಯಲು ಜಾತಿ ಕೇಳುವುದಿಲ್ಲ. ಇವೆಲ್ಲಕ್ಕಿಂತ ಹೆಚ್ಚಿನ ಗಮನಕ್ಕೆ ತಕ್ಕದ್ದು ಹುಮನಾಬಾದಿಗೆ ಅಂಟಿಕೊಂಡ ಮಾಣಿಕನಗರ. ಬಸವಕಲ್ಯಾಣದ ಸಮೀಪದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಅಲ್ಲಿ ನೆಲೆ ನಿಂತು ಸಕಲಮತ ಸಂಪ್ರದಾಯವನ್ನು ಕಟ್ಟಿದರು. ಯಾವ ಮತವನ್ನೂ ಹೀಗಳೆಯಬಾರದು, ಎಲ್ಲ ಮತಗಳ ಸಾರವೂ ಒಂದೇ ಎಂಬುದು ಅದರ ನಿಲುವು. ಪ್ರಭುಗಳ ಪದಗಳು ಮರಾಠಿ, ಕನ್ನಡ, ಹಿಂದೂಸ್ತಾನಿ ಹೀಗೆ ಬೇರೆಬೇರೆ ನುಡಿಗಳಲ್ಲಿವೆ. ದತ್ತಜಯಂತಿಯ ಹೊತ್ತಿಗೆ ಅಲ್ಲಿ ನಡೆಯುವ ದರ್ಬಾರಿನಲ್ಲಿ ಹಾಡಲು ಹಿಂದೂಸ್ತಾನಿ ಸಂಗೀತದ ದೊಡ್ಡ ಕಲಾವಿದರು, ಹಿಂದೂಗಳೂ ಮುಸ್ಲಿಮರೂ, ಬರುತ್ತ ಬಂದಿದ್ದಾರೆ. 1865ರಲ್ಲಿ ಪ್ರಭುಗಳು ಸಮಾಧಿಯಾದ ನಂತರವೂ ಸಂಸ್ಥಾನ ಮುಂದುವರಿಯಿತು.

ಹೀಗೆ ಬೆರೆತು ಬಾಳಿದ ಸೀಮೆಯಲ್ಲೇ 1948 ನಡೆಯಿತು. ಸ್ವಾತಂತ್ರ್ಯ ಬಂದ ಮೇಲೂ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತವನ್ನು ಸೇರಲು ಒಪ್ಪಲಿಲ್ಲ. ಲಾತೂರಿನಲ್ಲಿ ವಕೀಲನಾಗಿದ್ದ ಕಾಸಿಂ ರಜ್ವಿಯ ನಾಯಕತ್ವದ, ನಿಜಾಮನ ಪರದ ಖಾಸಗಿ ಪಡೆಯಾದ ರಜಾಕಾರರು ಹಳ್ಳಿಹಳ್ಳಿಗೆ ನುಗ್ಗತೊಡಗಿದರು. ಗೋರ್ಟಾದವರು ತ್ರಿವರ್ಣ ಧ್ವಜ ಹಾರಿಸಿ ಎದುರು ನಿಂತರು. 1948ರ ಮೇ 9ರಂದು ರಜಾಕಾರರು ಊರನ್ನು ಮುತ್ತಿ ಮನೆಗಳಿಗೆ ಬೆಂಕಿ ಹಚ್ಚಿದರು, ಕಂಡವರನ್ನು ಕೊಂದರು. ಸತ್ತವರು 200ಕ್ಕೂ ಹೆಚ್ಚು ಎಂಬುದು ಈ ಭಾಗದ ನೆನಪು ಮತ್ತು ಬರಹಗಳು ಕೊಡುವ ಲೆಕ್ಕ. ದಪ್ಪ ಗೋಡೆಯ ವಾಡೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತವರು ಬದುಕಿ ಉಳಿದು ಆ ದಿನದ ಕಥೆಯನ್ನು ಮುಂದಿನವರಿಗೆ ಹೇಳಿದರು. ಗೋರ್ಟಾವನ್ನು ಹೈದರಾಬಾದ್ ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂದು ಕರೆಯುವ ರೂಢಿ ಬಂತು. ಆದರೂ ಬಹುಕಾಲ ಪಠ್ಯಪುಸ್ತಕಗಳಲ್ಲಿ ಈ ಊರಿಗೆ ಒಂದು ಸಾಲಿನ ಜಾಗವೂ ಸಿಗಲಿಲ್ಲ. 2014ರಲ್ಲಿ ಅಡಿಗಲ್ಲು ಬಿದ್ದ ಹುತಾತ್ಮರ ಸ್ಮಾರಕವನ್ನು 2023ರ ಮಾರ್ಚ್ 26ರಂದು ಕೇಂದ್ರ ಗೃಹ ಸಚಿವ ಅಮಿತ್ ಶಾ ಉದ್ಘಾಟಿಸಿದರು. 103 ಅಡಿ ಎತ್ತರದ ಧ್ವಜವೂ ಸರ್ದಾರ್ ಪಟೇಲರ ಪ್ರತಿಮೆಯೂ ಅಲ್ಲಿವೆ.

ಕಥೆಯ ಉಳಿದರ್ಧವನ್ನು ಹೇಳುವವರು ಕಡಿಮೆ. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ಭಾರತದ ಸೇನೆ ನಡೆಸಿದ ‘ಪೊಲೀಸ್ ಕಾರ್ಯಾಚರಣೆ’ಯಲ್ಲಿ ಸಂಸ್ಥಾನ ಶರಣಾದ ಮೇಲೆ ಸೇಡು ಶುರುವಾಯಿತು. ಅದಕ್ಕೆ ತುತ್ತಾದವರಲ್ಲಿ ರಜಾಕಾರರ ಹಂಗೇ ಇರದ ಮುಸ್ಲಿಂ ಕುಟುಂಬಗಳೇ ಅನೇಕ. ಭಾರತ ಸರ್ಕಾರವೇ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಇಡೀ ಸಂಸ್ಥಾನದಲ್ಲಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜು ಮಾಡಿತು. ಅತಿ ಹೆಚ್ಚು ನಲುಗಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್ ಜಿಲ್ಲೆಗಳು. ಮುಸ್ಲಿಂ ನೆರೆಯವರನ್ನು ಪ್ರಾಣ ಒತ್ತೆಯಿಟ್ಟು ಉಳಿಸಿದ ಹಿಂದೂಗಳ ಸಂಗತಿಯೂ ಅದೇ ವರದಿಯಲ್ಲಿದೆ. ವರದಿ ದಶಕಗಳ ಕಾಲ ಕಪಾಟಿನಲ್ಲೇ ಉಳಿಯಿತು. ಗೋರ್ಟಾಕ್ಕೆ ಸ್ಮಾರಕ ಬಂದದ್ದು ಸರಿ. ಆದರೆ ಮೇ ತಿಂಗಳನ್ನು ನೆನೆದು ಆ ವರ್ಷದ ಸೆಪ್ಟೆಂಬರನ್ನು ಮರೆಯುವ ಚರಿತ್ರೆ ಅರೆಕುರುಡು. ಸೆಪ್ಟೆಂಬರ್ 17ನ್ನು ಮೂರೂ ರಾಜ್ಯಗಳು ಆಚರಿಸುತ್ತವೆ, ಒಂದೊಂದು ಕಡೆ ಒಂದೊಂದು ಹೆಸರಿನಲ್ಲಿ. ಕರ್ನಾಟಕದಲ್ಲಿ 2019ರಿಂದ ಅದು ಕಲ್ಯಾಣ ಕರ್ನಾಟಕ ಉತ್ಸವ.

ಈ ಸೀಮೆಯ ಬೆರಕೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಲು ಇನ್ನೂ ಹಿಂದಕ್ಕೆ, ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಹೋಗಬೇಕು. ಬಿಜ್ಜಳನ ಆಸ್ಥಾನದಲ್ಲಿದ್ದ ಬಸವಣ್ಣನ ಸುತ್ತ ಕೂಡಿದ ಶರಣರಲ್ಲಿ ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಇದ್ದರು. ಅಕ್ಕಮಹಾದೇವಿ ಅಲ್ಲಮಪ್ರಭುವಿನ ಎದುರು ಕುಳಿತು ವಾದಿಸಿದಳು. ಒಟ್ಟಿಗೆ ಕೂತು ಉಂಡದ್ದನ್ನೂ ಒಟ್ಟಿಗೆ ಮಾತಾಡಿದ್ದನ್ನೂ ಪಟ್ಟಣ ಹೇಗೋ ಸಹಿಸಿಕೊಂಡಿತ್ತು. ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆ ಎಂದಾಗ ಸಹನೆ ಮುಗಿಯಿತು. ಇಬ್ಬರು ತಂದೆಯರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿ ಕೊಲ್ಲಲಾಯಿತು ಎಂದು ಪರಂಪರೆ ಹೇಳುತ್ತದೆ. ಶರಣರು ದಿಕ್ಕಾಪಾಲಾದರು, 1167ರ ಸುಮಾರಿಗೆ ಬಿಜ್ಜಳನೂ ಕೊಲೆಯಾದ. ಹರಳಯ್ಯನ ಗವಿಯನ್ನು ಬಸವಕಲ್ಯಾಣದಲ್ಲಿ ಇಂದಿಗೂ ತೋರಿಸುತ್ತಾರೆ. ಊರಿನಲ್ಲಿ 108 ಅಡಿಯ ಬಸವಣ್ಣನ ಪ್ರತಿಮೆ ಎದ್ದು ನಿಂತಿದೆ, ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದಿದೆ. ಆ ಮದುವೆ ಎತ್ತಿದ ಪ್ರಶ್ನೆ ಮಾತ್ರ ಹಾಗೇ ಇದೆ. ಉರುಸಿಗೆ ಹೋಗುವವರು, ಭಜ್ಜಿಗೆ ಕರೆಯುವವರು ಮಕ್ಕಳ ಸಂಬಂಧ ಕೂಡಿಸುವಾಗ ಒಳಪಂಗಡವನ್ನೂ ಬಿಡದೆ ವಿಚಾರಿಸುತ್ತಾರೆ. ಅಂತರ್ಜಾತಿ ಮದುವೆಗೆ ಸರ್ಕಾರ ಪ್ರೋತ್ಸಾಹಧನ ಕೊಡುತ್ತದೆ. ಅದನ್ನು ಪಡೆದ ಜೋಡಿ ಹಳ್ಳಿಯಲ್ಲೇ ಸಂಸಾರ ಹೂಡುವುದು ಅಪರೂಪ, ಹೈದರಾಬಾದೋ ಪುಣೆಯೋ ಗತಿ.

ಇದರ ಬೆನ್ನಿಗೇ ಬರುವುದು ಎಳೆವಯಸ್ಸಿನ ಮದುವೆ. 2016ರಲ್ಲಿ ಕರ್ನಾಟಕ ಮಾಡಿದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಆದರೂ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಐವರಿಗೆ ಒಬ್ಬಳಿಗಿಂತ ತುಸು ಹೆಚ್ಚು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿದ್ದದ್ದು ಕಂಡುಬಂತು. ಉತ್ತರದ ಹಲವು ಜಿಲ್ಲೆಗಳಲ್ಲಿ ಪ್ರಮಾಣ ಇನ್ನೂ ಮೇಲಿದೆ. ಗುಳೆ ಹೋಗುವ ಮನೆಗಳಲ್ಲಿ ಇದಕ್ಕೆ ಒಂದು ಲೆಕ್ಕಾಚಾರವಿರುತ್ತದೆ: ವಯಸ್ಸಿಗೆ ಬಂದ ಮಗಳನ್ನು ಒಬ್ಬಳನ್ನೇ ಊರಲ್ಲಿ ಬಿಡುವುದು ಹೇಗೆ, ಕಟ್ಟಡ ಕೆಲಸದ ತಗಡಿನ ಶೆಡ್ಡಿಗೆ ಕರೆದೊಯ್ಯುವುದು ಹೇಗೆ? ಹಾಸ್ಟೆಲ್ಲಿನಲ್ಲಿ ಒಂದು ಹಾಸಿಗೆ ಸಿಕ್ಕರೆ ಎಷ್ಟೋ ಮದುವೆಗಳು ತಾವಾಗಿ ಮುಂದಕ್ಕೆ ಹೋಗುತ್ತವೆ.

ಗುಳೆ ಇಲ್ಲಿ ಹೊಸದಲ್ಲ. ಸುಗ್ಗಿ ಮುಗಿದರೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಹೈದರಾಬಾದ್, ಪುಣೆ, ಮುಂಬಯಿಗೆ. ಸ್ಥಳೀಯವಾಗಿ ನಾಲ್ಕು ಕಾಸು ಕೊಡುವ ದುಡಿಮೆಯೆಂದರೆ ಬಸವಕಲ್ಯಾಣದ ಆಟೊನಗರದ ಲಾರಿ ಕೆಲಸ. ಹೆದ್ದಾರಿಯ ಪುಣ್ಯದಿಂದ ಬೆಳೆದ ಈ ಕಸುಬಿನಲ್ಲಿ ಬಾಡಿ ಕಟ್ಟುವವರು, ವೆಲ್ಡಿಂಗ್ ಮಾಡುವವರು, ಬಣ್ಣ ಹೊಡೆಯುವವರು, ಹಳೆ ಬಿಡಿಭಾಗ ಮಾರುವವರು ಬೇರೆಬೇರೆ. ಹಿಂದೂ, ಮುಸ್ಲಿಂ ಮಿಸ್ತ್ರಿಗಳು ಒಂದೇ ಚಾಸಿಯ ಕೆಳಗೆ ಮಲಗಿ ಬೋಲ್ಟು ಬಿಗಿಯುತ್ತಾರೆ.

ಊರು ಬಿಟ್ಟು ದುಡಿಯುವ ಈ ಬದುಕು ಇಲ್ಲಿಗಷ್ಟೇ ಸೀಮಿತವಲ್ಲ. ಇದೇ ಅಕ್ಷಾಂಶದ ಆಸುಪಾಸಿನಲ್ಲಿ, ಬಂಗಾಳ ಕೊಲ್ಲಿಯಾಚೆ, ಥಾಯ್ಲೆಂಡಿನ ಈಶಾನ್ಯಕ್ಕಿರುವ ಈಸಾನ್ ಎಂಬ ಸೀಮೆಯಿದೆ. ಅದರ ಬದುಕನ್ನು ಬೀದರಿನವರು ನೋಡಿದರೆ ಗುರುತು ಸಿಗದೆ ಇರದು. 20 ಪ್ರಾಂತಗಳ, ಆ ದೇಶದ ಜನಸಂಖ್ಯೆಯಲ್ಲಿ ಸುಮಾರು ಮೂರನೆಯ ಒಂದು ಪಾಲಿನ ಈಸಾನ್ ಮಳೆಯನ್ನೇ ನಂಬಿದ ಪ್ರಸ್ಥಭೂಮಿ. ಮನೆಯ ಮಾತು ಗಡಿಯಾಚೆಯ ಲಾವೋಸಿನದು, ಶಾಲೆಯ ಮಾತು ಬ್ಯಾಂಕಾಕಿನ ಥಾಯ್. 1939ರಲ್ಲಿ ಸಯಾಮ್ ತನ್ನ ಹೆಸರನ್ನು ಥಾಯ್ಲೆಂಡ್ ಎಂದು ಬದಲಿಸಿಕೊಂಡ ಕಾಲದಲ್ಲಿ ಪಿಬುನ್ ಸೋಂಗ್‌ಕ್ರಾಮ್ ಸರ್ಕಾರ ಎಲ್ಲರೂ ಥಾಯ್ ನುಡಿಯಬೇಕು, ಪ್ರಾಂತದ ಹೆಸರಿನಿಂದ ತಮ್ಮನ್ನು ಕರೆದುಕೊಳ್ಳಬಾರದು ಎಂದು ಕಟ್ಟಳೆ ಹೊರಡಿಸಿತು. ಈಸಾನಿನ ಯುವಕ ಯುವತಿಯರು ಬ್ಯಾಂಕಾಕಿನ ಟ್ಯಾಕ್ಸಿ, ಕಾರ್ಖಾನೆ, ಅಡುಗೆಮನೆಗಳಲ್ಲಿ ದುಡಿಯುತ್ತಾರೆ. ಮಕ್ಕಳನ್ನು ಊರಲ್ಲಿ ಅಜ್ಜ ಅಜ್ಜಿ ಸಾಕುತ್ತಾರೆ. ಏಪ್ರಿಲ್ 13ರಿಂದ 15ರವರೆಗಿನ ಸೋಂಗ್‌ಕ್ರಾನ್ ಹೊಸವರ್ಷಕ್ಕೆ ರೈಲು, ಬಸ್ಸುಗಳೆಲ್ಲ ತುಂಬಿ ಊರ ಕಡೆ ಹೊರಡುತ್ತವೆ. ಅದೇ ಏಪ್ರಿಲ್ 14ಕ್ಕೆ ಬೀದರಿನ ದಲಿತ ಓಣಿಗಳಿಗೆ ಅಂಬೇಡ್ಕರರ ಹುಟ್ಟುಹಬ್ಬವಾದ ಭೀಮ ಜಯಂತಿಗೆಂದು ಮುಂಬಯಿ, ಪುಣೆಗಳಿಂದ ಬರುವವರಿದ್ದಾರೆ.

ಬುದ್ಧನೂ ಎರಡೂ ಕಡೆ ಇದ್ದಾನೆ, ಬೇರೆ ಬೇರೆ ಕೆಲಸಕ್ಕೆ. ಥಾಯ್ಲೆಂಡಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಬೌದ್ಧರು. ಮಗ ಮಳೆಗಾಲದ ಕೆಲವು ವಾರಗಳಾದರೂ ಕಾವಿ ಉಟ್ಟು ತಂದೆತಾಯಿಗೆ ಪುಣ್ಯ ಗಳಿಸಿಕೊಡುವುದು ಅಲ್ಲಿನ ಸಂಪ್ರದಾಯ. ಬೀದರ್ ಕರ್ನಾಟಕದಲ್ಲಿ ಬೌದ್ಧರು ಹೆಚ್ಚಿರುವ ಜಿಲ್ಲೆಗಳಲ್ಲೊಂದು. ಆದರೆ ಇಲ್ಲಿನದು 1956ರಲ್ಲಿ ಅಂಬೇಡ್ಕರ್ ನಾಗಪುರದಲ್ಲಿ ತೋರಿದ ದಾರಿ; ಪುಣ್ಯಕ್ಕಿಂತ ಸಮಾನತೆ ಅದರ ಮಾತು. ಅಲ್ಲಿ ಬುದ್ಧ ರಾಜನ ಪಕ್ಕ ಕೂತಿದ್ದಾನೆ, ಇಲ್ಲಿ ಊರ ಹೊರಗಿನ ಓಣಿಯಲ್ಲಿ ಸಂವಿಧಾನದ ಪಕ್ಕ.

ಎರಡು ಸೀಮೆಗಳು ಪೂರ್ತಿ ಬೇರೆಯಾಗುವುದು ಹೆಣ್ಣಿನ ಪಾಲಿನಲ್ಲಿ. ಈಸಾನಿನ ಹಳೆಯ ರೂಢಿಯಲ್ಲಿ ಮದುವೆಯಾದ ಗಂಡು ಹೆಂಡತಿಯ ಮನೆಗೆ ಹೋಗಿ ನಿಲ್ಲುತ್ತಾನೆ. ತೆರ ಕೊಡುವುದು ಗಂಡಿನ ಕಡೆಯವರು. ತಂದೆತಾಯಿಯನ್ನು ನೋಡಿಕೊಂಡ ಕಿರಿಯ ಮಗಳಿಗೆ ಮನೆ ಸೇರುತ್ತದೆ. ಅಲ್ಲಿನ ಹೆಣ್ಣಿಗೆ ಎಲ್ಲ ಸುಗಮ ಎಂದು ತಿಳಿಯಬೇಕಿಲ್ಲ. ಹೆಂಗಸರಿಗೆ ಭಿಕ್ಷುಣಿ ದೀಕ್ಷೆ ಕೊಡಕೂಡದೆಂದು 1928ರಲ್ಲಿ ಬಂದ ಆಜ್ಞೆಯನ್ನು ಅಲ್ಲಿನ ಸಂಘ ಇನ್ನೂ ಹಿಡಿದುಕೊಂಡಿದೆ. ಮನೆ ಅವಳದು, ಮಠ ಅವಳದಲ್ಲ. ಕಲ್ಯಾಣದ ಮಂಟಪದಲ್ಲಿ ಅಕ್ಕನಿಗೆ ಆಸನ ಸಿಕ್ಕಿತು, ಅದೇ ಕಲ್ಯಾಣದ ಮಗಳಿಗೆ ಹೊಲದ ಪಾಲು ಸಿಗಲಿಲ್ಲ.

ಈ ಕೊನೆಯ ಸಂಗತಿಗೆ ಇತಿಹಾಸದ ವ್ಯಂಗ್ಯವೂ ಸೇರಿದೆ. ಕುಟುಂಬದ ಆಸ್ತಿ ಹೇಗೆ ಹಂಚಿಕೆಯಾಗಬೇಕೆಂದು ದೇಶದ ಬಹುಭಾಗಕ್ಕೆ ಹೇಳಿಕೊಟ್ಟ ಗ್ರಂಥ ಹುಟ್ಟಿದ್ದು ಇದೇ ಕಲ್ಯಾಣದ ಅರಮನೆಯ ನೆರಳಲ್ಲೇ. 1076ರಿಂದ 1126ರವರೆಗೆ ಕಲ್ಯಾಣದಿಂದ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ‘ಮಿತಾಕ್ಷರಾ’. ಮಗನಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಎಂಬುದು ಅದರ ಬುನಾದಿ. ಬಂಗಾಳ, ಅಸ್ಸಾಂ ಬಿಟ್ಟು ಉಳಿದ ಭಾರತದ ಹಿಂದೂ ಕುಟುಂಬಗಳಿಗೆ ಬ್ರಿಟಿಷ್ ನ್ಯಾಯಾಲಯಗಳು ಅದನ್ನೇ ಕಾನೂನೆಂದು ಅನ್ವಯಿಸಿದವು. ವಿಜ್ಞಾನೇಶ್ವರ ತನ್ನ ಕಾಲಕ್ಕೆ ಹೆಣ್ಣಿನ ವಿಷಯದಲ್ಲಿ ಕಠೋರನೇನಲ್ಲ: ಸ್ತ್ರೀಧನದ ವ್ಯಾಪ್ತಿಯನ್ನು ಹಿಗ್ಗಿಸಿದ, ಗಂಡುಮಕ್ಕಳಿಲ್ಲದ, ಅವಿಭಕ್ತ ಕುಟುಂಬದಿಂದ ಬೇರೆಯಾಗಿದ್ದ ಗಂಡನ ಆಸ್ತಿಗೆ ವಿಧವೆಯನ್ನು ವಾರಸುದಾರಳೆಂದ. ಆದರೂ ಹುಟ್ಟಿನ ಹಕ್ಕು ಮಗನಿಗೇ ಉಳಿಯಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೂ ಅದನ್ನು ಮುಟ್ಟಲಿಲ್ಲ. ಕರ್ನಾಟಕ 1994ರ ಜುಲೈ 30ರಿಂದ ಜಾರಿಗೆ ತಂದ ತಿದ್ದುಪಡಿ ಮಗಳಿಗೂ ಹುಟ್ಟಿನ ಪಾಲು ಕೊಟ್ಟಿತು. ಅದಕ್ಕೂ ಮೊದಲು ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಬಂದ ಕೇಂದ್ರದ ತಿದ್ದುಪಡಿ ಆ ಷರತ್ತನ್ನೂ ತೆಗೆದುಹಾಕಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಟ್ಟಿನಲ್ಲಿ ಕಲ್ಯಾಣದಲ್ಲಿ ಬರೆದ ಒಂದು ನಿಯಮವನ್ನು ತಿದ್ದಲು ಸುಮಾರು ಒಂಬತ್ತು ಶತಮಾನ ಹಿಡಿಯಿತು.

ಪುಸ್ತಕದಲ್ಲಿ ತಿದ್ದಿದ್ದು ಪಹಣಿಗೆ ಇಳಿಯುವುದು ಇನ್ನೊಂದು ಕೆಲಸ. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆಗೆ ಅರ್ಜಿ ಹಾಕಬೇಕು. ಅದಕ್ಕೆ ನಾಡಕಚೇರಿಯ ವಂಶವೃಕ್ಷ ಬೇಕು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರೂ ಬರಲೇಬೇಕು. ಹೀಗಾಗಿ ಈಗ ಅಣ್ಣತಮ್ಮಂದಿರು ಅಕ್ಕತಂಗಿಯರ ಊರಿಗೆ ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳುತ್ತಾರೆ. ಬಹಳ ಮಂದಿ ಹಾಕಿಕೊಡುತ್ತಾರೆ. ಹಬ್ಬಕ್ಕೆ ಕರೆಯುವ, ಕುಬಸಕ್ಕೆ ಬರುವ, ಗಂಡನ ಮನೆಯಲ್ಲಿ ತೊಂದರೆಯಾದರೆ ಬಾಗಿಲು ತೆರೆಯುವ ತವರು ಎರಡು ಎಕರೆಗಿಂತ ದೊಡ್ಡದು ಎಂಬ ಅವರ ಲೆಕ್ಕ ತಪ್ಪೆನ್ನಲು ಬರುವುದಿಲ್ಲ. ಬೀದರ್ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕ್ ಸ್ವಸಹಾಯ ಸಂಘಗಳಿಗೆ ಸಾಲ ಕೊಡುವುದರಲ್ಲಿ ಹೆಸರು ಮಾಡಿದ್ದು, ಹಳ್ಳಿಯ ಹೆಂಗಸರ ಕೈಗೆ ಮೊದಲ ಬಾರಿಗೆ ಸ್ವಂತ ಪಾಸ್‌ಬುಕ್ ಬಂದದ್ದು ಅಲ್ಲಿಂದಲೇ. ಆದರೆ ಸಂಘದ ಸಾಲಕ್ಕೆ ಹೊಲ ಅಡವಿಡಬೇಕಿಲ್ಲ. ಬೆಳೆ ಸಾಲ, ಬೆಳೆ ವಿಮೆ, ಬರ ಪರಿಹಾರ ಎಲ್ಲಕ್ಕೂ ಪಹಣಿಯಲ್ಲಿ ಹೆಸರಿರಬೇಕು. ಕಳೆ ಕೀಳುವವಳು, ರಾಶಿ ತೂರುವವಳು, ಎಳ್ಳಮಾವಾಸ್ಯೆಯಂದು ಗಡಿಗೆ ಹೊತ್ತು ಮುಂದೆ ನಡೆಯುವವಳು ಅವಳೇ ಆದರೂ ಸರ್ಕಾರದ ಲೆಕ್ಕದಲ್ಲಿ ರೈತ ಅವಳ ಗಂಡ.

ಪ್ರದೇಶದ ಮಟ್ಟದಲ್ಲಿ ಹಂಚಿಕೆಯ ಪ್ರಶ್ನೆ ಬೇರೆ ರೂಪದಲ್ಲಿ ಇತ್ಯರ್ಥಕ್ಕೆ ಬಂತು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿದಾಗ ಈ ಭಾಗದ ತಾಲ್ಲೂಕುಗಳು ಅದರಲ್ಲಿದ್ದವು. ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ ಬಂದ 371(ಜೆ) ವಿಧಿಯಡಿ ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ನೂರಕ್ಕೆ 70 ಸೀಟು ಮೀಸಲಾಯಿತು, ನೌಕರಿಯಲ್ಲೂ ಪಾಲು ಬಂತು, ಪ್ರತ್ಯೇಕ ಅಭಿವೃದ್ಧಿ ಮಂಡಳಿ ಆಯಿತು. 2017ರ ಅಕ್ಟೋಬರ್‌ನಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಪೂರ್ತಿಯಾಗಿ ಹುಮನಾಬಾದಿಗೆ ಕಲಬುರಗಿಯ ನೇರ ಸಂಪರ್ಕ ಸಿಕ್ಕಿತು. ಬಸವಕಲ್ಯಾಣಕ್ಕೆ ಹಳಿ ಬಂದಿಲ್ಲ. ಕಂದಾಯ ದಾಖಲೆಯಲ್ಲಿ ಊರೇ ಅಲ್ಲದ ತಾಂಡಾಗಳನ್ನು ಕಂದಾಯ ಗ್ರಾಮ ಮಾಡಿ, 2023ರ ಜನವರಿ 19ರಂದು ಮಳಖೇಡದಲ್ಲಿ ಬೀದರ್ ಸೇರಿ ಐದು ಜಿಲ್ಲೆಗಳ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರ ಕೊಡಲಾಯಿತು. ತಲೆಮಾರುಗಳಿಂದ ವಾಸವಿದ್ದ ಮನೆಗೆ ಕಾಗದ ಸಿಕ್ಕಿತು. ತಾಂಡಾದ ಸುತ್ತಲಿನ ಸಾಗುವಳಿ ಭೂಮಿಯ ಅರ್ಜಿಗಳು ಇನ್ನೂ ತಹಸೀಲ್ ಕಚೇರಿಗಳಲ್ಲಿವೆ.